ಕ್ಯಾಲೆಂಡರಿನ ಕೋಪದ ಬೆಕ್ಕುಗಳು

ಗುರುವಾರ, ಮಧ್ಯಾಹ್ನ
ಆಸ್ಪತ್ರೆಯ ಬೆಂಚಿನಿಂದ

ಅಖಂಡ ಹಾಸ್ಟೆಲ್ ಸಾಮ್ರಾಜ್ಯದ ಅಧೀಶ್ವರಿ, ನನ್ನ ನೀಲಿ ಸ್ವೆಟರನ್ನು ಗೆದ್ದೊಯ್ದು ಇಂದಿಗೂ ಹಿಂತಿರುಗಿಸದ ದಿಗ್ವಿಜಯಿನಿ, ಅಕ್ಕಮಹಾರಾಣಿಯವರ ಪಾದಗಳಿಗೆ ತಂಗಿಯೆಂಬ ಧೂಳಿನ ಕಣದ ಸಾಷ್ಟಾಂಗ ಪ್ರಣಾಮಗಳು.

ತಡವಾಯಿತು, ಬೈಯಬೇಡ. ಫೋನಿನಲ್ಲಿ ಹೇಳಿದರೆ ಮಧ್ಯದಲ್ಲೇ ಬೈಯುತ್ತೀಯೆಂದು ಕಾಗದ. ಲ್ಯಾಬಿನ ವರದಿ ಬರುವವರೆಗೆ ನಿನಗೆ ಹೇಳಕೂಡದೆಂದು ಅಮ್ಮ ನನ್ನಿಂದ ಆಣೆ ಮಾಡಿಸಿಕೊಂಡಿದ್ದಳು. ಇವತ್ತು ಬಂತು. ಅಮ್ಮನದು ಕ್ಯಾನ್ಸರ್ ಅಲ್ಲ. ಇನ್ನೊಮ್ಮೆ ಓದು: ಅಲ್ಲ.

ವರ್ಷದಿಂದ ಅವಳಿಗೆ ಕಿಬ್ಬೊಟ್ಟೆ ನೋವಲ್ಲವೇ? ಹೊಲಿಗೆ ಅಂಗಡಿಗೆ ಬಂದವರೆಲ್ಲ, "ನಲವತ್ತೆಂಟಾಯ್ತಲ್ಲ, ಮುಟ್ಟು ನಿಲ್ಲೋ ಕಾಲ, ತಾನಾಗೇ ಹೋಗುತ್ತೆ" ಎಂದು ಅಳತೆಯ ಜೊತೆ ತೀರ್ಪನ್ನೂ ಕೊಟ್ಟು ಹೋಗುತ್ತಿದ್ದರು. ಹೋದ ತಿಂಗಳು ಕತ್ತರಿ ಹಿಡಿದವಳು ಹಿಡಿದಂತೆಯೇ ನೆಲಕ್ಕೆ ಕುಸಿದಳು.

ಡಾಕ್ಟರಮ್ಮನ ಮುಂದೆ ಅಮ್ಮನದೂ ಅದೇ ರಾಗ: "ವಯಸ್ಸಾಯ್ತು ಡಾಕ್ಟ್ರೇ."

"ಮುಟ್ಟು ಹಿಂದುಮುಂದಾಗೋದು ವಯಸ್ಸಿಗೆ ಸರಿ. ಇಷ್ಟು ನೋವನ್ನ ವಯಸ್ಸಿನ ತಲೆಗೆ ಕಟ್ಟಬೇಡಿ. ಯಾವ್ಯಾವ ದಿನ ಬರುತ್ತೆ?"

ಅಮ್ಮನಿಗೆ ನೆನಪಿಲ್ಲ. ಆಗ ಎದ್ದಳು ನೋಡು ನಿನ್ನ ತಂಗಿ! ಅಂಗಡಿಯ ಕ್ಯಾಲೆಂಡರಿನ ಫೋಟೋಗಳನ್ನು ಫೋನಿನಲ್ಲಿ ತೆರೆದು ಹಿಡಿದೆ. ಮುಟ್ಟಾದ ದಿನಕ್ಕೆ ಅಮ್ಮನ ಕೆಂಪು ಚುಕ್ಕಿ. ಅವಳು ಸಿಡುಕಿದ ದಿನಕ್ಕೆ ನಾನು ಬಿಡಿಸಿದ ಕೋಪದ ಬೆಕ್ಕು. ಪ್ರತಿ ಚುಕ್ಕಿಯ ಸುತ್ತ ನಾಲ್ಕೈದು ಬೆಕ್ಕು. ಡಾಕ್ಟರಮ್ಮ ನಗಲಿಲ್ಲ, ಎಣಿಸಿದರು.

"ಕಡೇ ಮೂರು ತಿಂಗಳು ಬೆಕ್ಕೇ ಇಲ್ಲ. ನೋವಿರಲಿಲ್ವಾ?"

ಅಮ್ಮ ನನ್ನತ್ತ ನೋಡಿದಳು. "ಇತ್ತು. ಇವಳ ಪೆನ್ಸಿಲ್ ಕಳೆದುಹೋಗಿತ್ತು."

ಸ್ಕ್ಯಾನಿನಲ್ಲಿ ಎಡ ಅಂಡಾಶಯದಲ್ಲೊಂದು ಹಳೇ ರಕ್ತ ತುಂಬಿದ ಗಂಟು. ಗರ್ಭಕೋಶದ ಒಳಪದರದಂಥದ್ದು ದಾರಿತಪ್ಪಿ ಅಲ್ಲಿ ಬೆಳೆದು ತಿಂಗಳು ತಿಂಗಳು ರಕ್ತ ಸುರಿಸುತ್ತದಂತೆ, ಎಂಡೊಮೆಟ್ರಿಯೋಸಿಸ್. "ಹಾಗೇ ಕಾಣ್ತಿದೆ. ಆದ್ರೆ ಈ ವಯಸ್ಸಲ್ಲಿ ಬರೀ ಚಿತ್ರ ನೋಡಿ ನಂಬಲ್ಲ ನಾನು" ಎಂದು ಆಪರೇಷನ್ ಮಾಡಿ, ತೆಗೆದದ್ದನ್ನು ಲ್ಯಾಬಿಗೆ ಕಳಿಸಿದರು. ಎಂಡೊಮೆಟ್ರಿಯೋಸಿಸ್ಸೇ ಅಂತ ವರದಿಯೂ ಹೇಳಿತು.

ಅಮ್ಮ ಚೆನ್ನಾಗಿದ್ದಾಳೆ. ಈಗಷ್ಟೇ ತನ್ನ ಹೊಟ್ಟೆಯ ಹೊಲಿಗೆ ನೋಡಿಕೊಂಡು, "ಟಾಕಾ ಎಷ್ಟು ದೂರದೂರ ಹಾಕಿದ್ದಾರೆ!" ಎಂದು ನರ್ಸಿಗೇ ಪಾಠ ಮಾಡಿದಳು.

ಕಿರಿಯಳಾದರೂ ಆಶೀರ್ವದಿಸುತ್ತಿದ್ದೇನೆ, ತಲೆಬಾಗಿ ಸ್ವೀಕರಿಸು: ಸುಖವಾಗಿರು, ಬೇಗ ಬಾ, ಸ್ವೆಟರ್ ತಾ.

ಇತಿ,
ರೋಗನಿದಾನ ಚಕ್ರವರ್ತಿನಿ,
ನಿನ್ನ ತರಲೆ

ತಾ.ಕ.: ಪೆನ್ಸಿಲ್ ಕಳೆದಿರಲಿಲ್ಲ. ಆ ಬೆಕ್ಕುಗಳನ್ನು ಬಿಡಿಸುತ್ತಿದ್ದದ್ದು ಅಂಗಡಿಗೆ ಬಂದವರಿಗೆ ತೋರಿಸಿ ನಗಿಸಲು. ಒಂದು ದಿನ ನಕ್ಕು ತಿರುಗಿದರೆ ಅಮ್ಮ ಹಿಂದೆಯೇ ನಿಂತಿದ್ದಳು. ಆಮೇಲೆ ಅವಳು ಸಿಡುಕಲೇ ಇಲ್ಲ ಅಕ್ಕ. ಹೊಟ್ಟೆಗೆ ಬಟ್ಟೆಯ ಸುರುಳಿ ಒತ್ತಿಕೊಂಡು, ನಗುನಗುತ್ತ ಮೆಷಿನ್ ತುಳಿಯುತ್ತಿದ್ದಳು. ವಾಸಿಯಾಯಿತೆಂದು ನಾನು ಬೆಕ್ಕು ಬಿಡಿಸುವುದನ್ನು ನಿಲ್ಲಿಸಿದೆ.