ಹಿಮದ ಮೇಲೆ ಚರಗ

ಮೊರಬ, ತಾ. ನವಲಗುಂದ
೨೭ ಡಿಸೆಂಬರ್ ೨೦೨೫, ಶನಿವಾರ

ಅಮೃತಾ,

‘ಪ್ರೀತಿಯ ತಂಗಿ’ ಅಂತ ಬರೆದು, ಹೊಡೆದುಹಾಕಿ, ಹೊಸ ಹಾಳೆ ತೆಗೆದುಕೊಂಡಿದ್ದೇನೆ. ಈ ಹೊತ್ತಿನಲ್ಲಿ ಹಾಗೆ ಬರೆದರೆ ಸುಳ್ಳಾಗುತ್ತದೆ. ಆರಾಮ ಇದ್ದೀಯೇನು ಅಂತ ಕೇಳುವ ಅಗತ್ಯವೂ ಇಲ್ಲ. ನೀನು ಕಳಿಸಿದ ವಿಡಿಯೋದಲ್ಲಿ ನೋಡಿದೆನಲ್ಲ, ಗಲ್ಲ ತುಂಬಿವೆ, ಮೂಗು ಕೆಂಪಗಾಗಿದೆ, ನಗು ಕಿವಿಯತನಕ ಬಂದಿದೆ. ಆದರೂ ಅವ್ವ ಬಾಜು ಕೂತು ‘ಥಂಡ್ಯಾಗ ಕಿವಿ ಮುಚ್ಚಿಕೊಂಡು ಅಡ್ಡಾಡಂತ ಬರಿಯವಾ’ ಅನ್ನುತ್ತಿದ್ದಾಳೆ. ಮುಚ್ಚಿಕೋ. ಇಲ್ಲಿ ಅಪ್ಪನ ಮಂಡಿ ನೋವು ಇದ್ದಹಾಗೇ ಇದೆ, ಉಳಿದವರು ಆರಾಮ. ಫೋನ್ ಮಾಡಿಯೇ ಬೈಯಬಹುದಿತ್ತು. ಆದರೆ ನಾನು ದನಿ ಏರಿಸಿದ ಕೂಡಲೇ ನಿನ್ನ ನೆಟ್‌ವರ್ಕ್ ಹೋಗಿಬಿಡುತ್ತದೆ. ಕಾಗದಕ್ಕೆ ಆ ಸೌಕರ್ಯವಿಲ್ಲ, ಪೂರ್ತಿ ಓದು.

ಹೋದ ವಾರ ಎಳ್ಳ ಅಮವಾಸ್ಯೆಗೆ ನಾವೆಲ್ಲ ಹೊಲಕ್ಕೆ ಹೋಗಿದ್ದೆವು. ಬನ್ನಿಗಿಡದ ಕೆಳಗೆ ಪೂಜೆಯಾಯಿತು, ಚರಗ ಚೆಲ್ಲಿದ್ದಾಯಿತು, ಉಂಡು ಬುತ್ತಿಗಂಟು ಕಟ್ಟುವ ಹೊತ್ತಿಗೆ ಅಪ್ಪನ ಫೋನಿಗೆ ನಿನ್ನ ವಿಡಿಯೋ ಬಂತು. ನೀನು ಓದುವ ಲೈಪ್‌ಜಿಗ್ ಊರಿನ ಹಿಂದಿನ ಯಾವುದೋ ತೋಟದ ತುಂಡು, ಎಲ್ಲಿ ನೋಡಿದರೂ ಬೆಳ್ಳಗೆ ಹಿಮ, ನಡುವೆ ನೀನು. ಕೈಯಲ್ಲಿ ಸ್ಟೀಲ್ ಡಬ್ಬಿ, ಅನ್ನ-ಪಲ್ಲೆ ಎಸೆಯುತ್ತ ‘ಹುಲ್ಲುಲ್ಲಿಗೋ’ ಅಂತ ಚರಗದ ಕೂಗು ಹಾಕುತ್ತಿದ್ದೆ. ಅದರ ಕೆಳಗೆ ನಿನ್ನದೇ ಬರಹ: ‘ನಮ್ಮೂರಾಗೂ ಚರಗಾ ಚೆಲ್ಲಿದೆ.’ ನಮ್ಮನ್ನು ಟ್ರ್ಯಾಕ್ಟರಿನಲ್ಲಿ ಕರೆದೊಯ್ದಿದ್ದ ರಸೂಲಸಾಬ ‘ತಂಗಿ ಅಗದಿ ಬರೋಬರಿ ಚೆಲ್ಲ್ಯಾಳ ನೋಡ್ರಿ ಕಾಕಾ’ ಅಂದ. ಅಪ್ಪ ಹಿಗ್ಗಿ ಬಾಜು ಹೊಲದವರನ್ನೆಲ್ಲ ಕರೆಕರೆದು ತೋರಿಸಿದ. ನನಗೆ ಮಾತ್ರ ಮೈಯೆಲ್ಲ ಉರಿಯಿತು. ಪಾತ್ರೆ ತೊಳೆಯುವ ನೆವ ಮಾಡಿ ಕಾಲುವೆ ಕಡೆ ಹೋಗಿಬಿಟ್ಟೆ.

ಏನೇ, ಚರಗ ಎಲ್ಲಿ ಚೆಲ್ಲುತ್ತಾರೆ ಅನ್ನುವುದು ನಿನಗೆ ಗೊತ್ತಿಲ್ಲವೇ? ಭೂಮಿತಾಯಿಯ ಹೊಟ್ಟೆ ತುಂಬಲಿ ಅಂತ, ನಮಗೆ ಅನ್ನ ಕೊಡುವ ಹೊಲಕ್ಕೆ ನಾವು ಬಡಿಸುವ ಊಟ ಅದು. ಯಾರ ಹೊಲಕ್ಕೆ ಅವರೇ ಬಡಿಸಬೇಕು. ಚಿಕ್ಕಂದಿನಲ್ಲಿ ನಿನ್ನ ಕೈಯಿಂದ ಕಡುಬಿನ ಒಂದು ಚೂರು ಬದು ದಾಟಿ ಬಿದ್ದರೂ ಅಪ್ಪ ‘ಹುಷಾರವಾ, ಅದು ಮಾಂತೇಶನ ಹೊಲಾ’ ಅನ್ನುತ್ತಿದ್ದ. ಅಲ್ಲಿ ನಿನ್ನ ಯಾವ ಜೋಳ ತೆನೆ ಹಿಡಿದು ನಿಂತಿತ್ತು? ಯಾವ ಕಡಲೆ ಕಾಯಿ ಕಟ್ಟಿತ್ತು? ಕಾಗೆಗಳೂ ಬಂದು ತಿಂದವೋ ಇಲ್ಲವೋ ಆ ಚಳಿಯಲ್ಲಿ. ಸಂಜೆ ಮನೆಗೆ ಬಂದು ಕಾಲು ತೊಳೆಯುತ್ತಿದ್ದ ಅಪ್ಪ ತಂಬಿಗೆ ಹಿಡಿದು ಹಾಗೇ ನಿಂತುಬಿಟ್ಟ. ‘ರೋಹಿಣೀ, ಆಕಿ ಅಲ್ಲೇ ಹೊಲಾ ಹಿಡಿದಾಳೇನವಾ?’ ಅಂತ ಕೇಳಿದ. ಮಧ್ಯಾಹ್ನ ಹೊಳೆಯದ್ದು ಅವನಿಗೆ ಆಗ ಹೊಳೆಯಿತು. ಆಮೇಲೆ ಆ ವಿಡಿಯೋ ಯಾರಿಗೂ ತೋರಿಸಿಲ್ಲ.

ಆ ಊರಿಗೆ ಹೋದ ಹೊಸತರಲ್ಲಿ ಹೇಗಿದ್ದೆ, ನೆನಪಿದೆಯೇ? ‘ಅಕ್ಕಾ, ಇಲ್ಲೆ ಯಾರೂ ಮಾರಿ ಎತ್ತಿ ನೋಡೂದಿಲ್ಲ, ನಾ ಬಂದಬಿಡ್ತೀನಿ’ ಅಂತ ದಿನಾ ಅಳುತ್ತಿದ್ದೆ. ಎಮ್ಮೆ ಹಿಂಡುತ್ತ, ಕಿವಿಗೂ ಹೆಗಲಿಗೂ ಫೋನ್ ಸಿಗಿಸಿಕೊಂಡು, ‘ದಿನಾ ಒಂದೇ ಅಂಗಡಿಗೆ ಹೋಗಬೇ, ಮಾರಿ ಗುರತಾಗ್ತಾವ’ ಅಂದವಳು ನಾನು. ಹೋದೆ. ಗುರುತಾದವು. ಈಗ ಬೇಕರಿಯ ಮುದುಕಿ ನಿನಗೆಂದೇ ಕರಿ ಬ್ರೆಡ್ ತೆಗೆದಿಡುತ್ತಾಳಂತೆ, ಟ್ರಾಮಿನ ಗಂಟೆ ಕೇಳದಿದ್ದರೆ ನಿನಗೆ ನಿದ್ದೆ ಬರುವುದಿಲ್ಲವಂತೆ, ಅಲ್ಲಿನ ಕಾಲುವೆಯ ದಂಡೆಯಲ್ಲಿ ನಿನ್ನದೇ ಅನ್ನುವ ಒಂದು ಬೆಂಚು ಇದೆಯಂತೆ. ಸಂತೋಷ. ಇಲ್ಲೂ ಒಂದು ಕಾಲುವೆ ಇದೆ, ಅದರ ದಂಡೆಯ ನಮ್ಮ ಎರಿಹೊಲ ಸವಳು ಹಿಡಿದು, ಉಪ್ಪೆದ್ದು ವರ್ಷ ವರ್ಷ ಬೆಳ್ಳಗಾಗುತ್ತಿದೆ. ಅದಕ್ಕೆ ಮದ್ದು ಕಲಿತು ಬರುತ್ತೇನೆ ಅಂತಲೇ ನೀನು ಮಣ್ಣಿನ ಓದಿಗೆ ಹೋಗಿದ್ದು. ಬಿಳಿ ನೋಡುವ ಹುಚ್ಚಿದ್ದರೆ ನಮ್ಮ ಹೊಲದಲ್ಲೇ ನೋಡಬಹುದಿತ್ತಲ್ಲ!

ಹುಬ್ಬಳ್ಳಿ ಸ್ಟೇಷನ್ನಿನಲ್ಲಿ ನನ್ನ ಕೈ ಹಿಡಿದು ಏನಂದಿದ್ದೆ? ‘ಎರಡ ವರ್ಷ ಅಕ್ಕಾ, ಆಮ್ಯಾಲ ನಿನ್ನ ಪಾಳಿ.’ ನನ್ನ ಪಾಳಿ ಬರುತ್ತದೆ ಅಂತ ನಂಬಿ ಬೆಳಗಾವಿಯ ನರ್ಸಿಂಗ್ ಸೀಟು ಬಿಟ್ಟೆ. ಜೂನಿಗೆ ನಿನ್ನ ಓದು ಮುಗಿಯಬೇಕು, ನೀನು ಬಂದು ಮನೆ-ಹೊಲ ನೋಡಿಕೊಳ್ಳಬೇಕು, ನಾನು ಹೋಗಬೇಕು. ಮಾತಾಗಿದ್ದು ಇಷ್ಟೇ. ಈಗ ಅವ್ವನಿಗೆ ಫೋನ್ ಮಾಡಿ, ಅಲ್ಲೇ ಸಂಶೋಧನೆಗೆ ಜಾಗ ಸಿಗುತ್ತದೆ, ಇನ್ನೂ ಮೂರು ವರ್ಷ ಇರುತ್ತೇನೆ ಅಂದೆಯಂತೆ. ‘ಅಕ್ಕ ತಿಳಕೊಂತಾಳ ಬಿಡವಾ’ ಅಂದೆಯಂತೆ. ಇಲ್ಲ, ತಿಳಿದುಕೊಳ್ಳುವುದಿಲ್ಲ. ಇಷ್ಟು ದಿನ ತಿಳಿದುಕೊಂಡಿದ್ದೇ ಹೆಚ್ಚಾಯಿತು. ಅವ್ವನ ಹತ್ತಿರ ಹೇಳಿದೆ, ನನ್ನ ಹತ್ತಿರ ಹೇಳಲು ಬಾಯಿ ಬರಲಿಲ್ಲ ನಿನಗೆ. ಓದಲು ಹೋದ ಊರನ್ನು ಇಷ್ಟಪಡಬೇಡ ಅಂತ ಯಾರೂ ಅಂದಿಲ್ಲ. ಬೇರೆಯವರ ಪಾಳಿ ನುಂಗಿ ಇಷ್ಟಪಡಬೇಡ ಅನ್ನುತ್ತಿದ್ದೇನೆ.

ಅಪ್ಪ-ಅವ್ವನ ಆಶೀರ್ವಾದ ಎಂದಿನಂತೆ ಇದೆ, ಅವರು ಮಕ್ಕಳನ್ನು ಬೈಯಲು ಕಲಿತವರಲ್ಲ. ನನ್ನದನ್ನು ಜೂನಿನತನಕ ತಡೆದಿಟ್ಟಿದ್ದೇನೆ. ಬೇಕಾದರೆ ಬಂದು ಇಸಿದುಕೋ.

ನಿನ್ನ ಅಕ್ಕ,
ರೋಹಿಣಿ

ತಾ.ಕ.: ರಸೂಲಸಾಬ ನವಲಗುಂದಕ್ಕೆ ಹೊರಟಿದ್ದಾನೆ, ಟಪಾಲಿಗೆ ಹಾಕುತ್ತೇನೆ ಅಂತ ಟ್ರ್ಯಾಕ್ಟರ್ ಚಾಲೂ ಇಟ್ಟೇ ನಿಂತಿದ್ದಾನೆ. ಗಡಿಬಿಡಿಯಲ್ಲಿ ಒಂದೇ ಮಾತು. ಆ ವಿಡಿಯೋದಲ್ಲಿ ಎಲ್ಲರೂ ನಿನ್ನನ್ನು ನೋಡಿದರು, ನಾನು ನಿನ್ನ ಹಿಂದೆ ನೋಡಿದೆ. ಕೆಂಪು ಕೈಗವಸು ಹಾಕಿದ ಒಂದು ಕೈ, ನೀನು ಚೆಲ್ಲಿದಲ್ಲೆಲ್ಲ ನೀರು ಚಿಮುಕಿಸುತ್ತ ಬರುತ್ತಿದೆ. ನೀನು ‘ಹುಲ್ಲುಲ್ಲಿಗೋ’ ಅಂದಾಗಲೆಲ್ಲ ಅದೇ ಕಡೆಯಿಂದ ತಗ್ಗಿದ ದನಿಯೊಂದು ‘ಸಲಾಂಬ್ರಿಗೋ’ ಅಂತ ಓಗೊಡುತ್ತಿದೆ. ಗಂಡೋ ಹೆಣ್ಣೋ, ನಾನು ಕೇಳುವುದಿಲ್ಲ. ಅಪ್ಪನಿಗೂ ಹೇಳಿಲ್ಲ. ಅವನ ಮಂಡಿ ಹಿಡಿದುಕೊಂಡಾಗಿನಿಂದ ಚರಗಕ್ಕೆ ಮುಂದೆ ನೀನು, ಹಿಂದೆ ನೀರಿನ ತಂಬಿಗೆ ಹಿಡಿದು ನಾನು. ನೀನು ಹೋದ ಮೇಲೆ ಎರಡು ಎಳ್ಳ ಅಮವಾಸ್ಯೆ ನಾನೇ ಕೂಗಿ ನಾನೇ ಓಗೊಟ್ಟಿದ್ದೇನೆ, ಇನ್ನೊಬ್ಬರನ್ನು ಕರೆಯಲಿಲ್ಲ. ನೀನು ಬಂದರೂ ಬರದಿದ್ದರೂ ಜೂನಿಗೆ ನಾನು ಬೆಳಗಾವಿಗೆ ಹೋಗುವವಳೇ. ಊರ ಬಿಟ್ಟಿ, ಬಿಡು. ನನ್ನ ತಂಬಗಿ ಮತ್ತೊಬ್ಬರ ಕೈಯಾಗ ಯಾಕ ಕೊಟ್ಟಿ ಬೇ?