ಮಡೆಪ್ಪನ ಮುಷ್ಟಿಯೊಳಗಿನ ಚಾವಿ

ಇಮ್ಮಾನುಯೇಲ,

ನೀ ಇನ್ನೂ ಮಲಗೀದಿ. ನಾ ದವಾಖಾನಿ ಡ್ಯೂಟಿಗಿ ವಾಪಸ್ ಹೊಂಟೀನಿ. ಒಲಿ ಮ್ಯಾಲ ಪುಂಡಿಪಲ್ಯ ಅದ, ರೊಟ್ಟಿ ಬುಟ್ಟಿಯೊಳಗ ಅವ. ಮೊದಲ ಕೈ ತೊಳಕೊ. ಉಗುರಾಗ ರಕ್ತ ಹಂಗೇ ಅದ.

ನಿನ್ನೆ ಗಾಂಧಿ ಗಂಜ್ ಬಜಾರದಾಗ ನೀ ಜಾಕ್ ರಾಡಿನಿಂದ ಹೊಡದ ನಗರಸಭೆ ಮನಷ್ಯಾನ ಹೆಸರು ಮಡೆಪ್ಪ. ಅವರನ್ನ ನನ್ನ ವಾರ್ಡಿಗೇ ತಂದಾರ. ತಲಿ ಒಡದದ, ಎಡಗಣ್ಣು ಹೋಗ್ಯದ.

ನಗರಸಭೆಯವರು ನನ್ನ ಗಾಡಿ ಗಾಲಿಗಿ ಲಾಕ್ ಹಾಕ್ಯಾರ, ದಂಡದ ನೋಟಿಸ್ ಅಂಟಿಸ್ಯಾರ ಅಂತ ನೀ ಫೋನಿನ್ಯಾಗ ಒದರಿದ ಮ್ಯಾಲ ನಾ ಮಡೆಪ್ಪನವರಿಗಿ ಫೋನ್ ಮಾಡಿದ್ದೆ. ಅವರ ತಾಯಿಗಿ ದಿನಾ ಇಂಜೆಕ್ಷನ್ ಮಾಡಾಕಿ ನಾನೇ. "ಸಿಸ್ಟರ್, ನೋಟಿಸ್ ವಾಪಸ್ ತಗೊಳ್ಳಾಕ ಬರಂಗಿಲ್ರಿ. ಆದ್ರ ನಿಮ್ಮ ತಮ್ಮಂದು ಹೊಟ್ಟಿಪಾಡಿನ ಗಾಡಿ, ಲಾಕ್ ಈಗೇ ತೆಗಿತೇನ್ರಿ" ಅಂದ್ರು.

ಅದನ್ನ ತೆಗಿಲಾಕೇ ಅವರು ಗಾಲಿ ಹಂತ್ಯಾಕ ಬಗ್ಗಿದ್ರು. ನೀ ಹಿಂದಿಂದ ಹೊಡದಿ. ಬಿದ್ದ ಮ್ಯಾಲೂ ಹೊಡದಿ. ಅವರ ಕೈಯಾಗ ಏನದ ಅಂತ ನೋಡಿದ್ಯೇನು? ದವಾಖಾನಿಗಿ ತಂದಾಗೂ ಮುಷ್ಟಿ ಬಿಗಿ ಹಿಡದಿದ್ರು. ಒಂದೊಂದೇ ಬೆರಳು ನಾ ಬಿಡಿಸಿದೆ. ಒಳಗ ನಿನ್ನ ಗಾಡಿ ಲಾಕಿನ ಚಾವಿ ಇತ್ತು. ಈ ಚೀಟಿ ಮ್ಯಾಲ ಇಟ್ಟೀನಿ, ನೋಡು.

ರಕ್ತ ಹತ್ತಿದ ಅಂಗಿ ತೊಳಿಬ್ಯಾಡ. ಮಂಚದ ಕೆಳಗಿನ ರಾಡ್ ನಾ ತಗೊಂಡೀನಿ. ಡಾಬಕಾ ಊರಿನ ಕಾಕಾನ ಮನಿಗಿ ಓಡಿ ಅಲ್ಲಿಂದ ರಾಜ್ಯದ ಗಡಿ ದಾಟಬೇಕಂತ ಮಾಡಬ್ಯಾಡ. ಬಾಗಿಲಿಗಿ ಹೊರಗಿಂದ ಕೀಲಿ ಹಾಕೀನಿ.

ಹೊಟ್ಟಿತುಂಬ ಉಣ್ಣು. ಮನಿ ಚಾವಿ ಪೊಲೀಸರ ಕೈಯಾಗ ಕೊಟ್ಟು ಕಳಸ್ತೇನಿ.

ನಿನ್ನ ಅಕ್ಕ, ಜೆಮಿಮಾ