ನೈಜಲರಾಯರಿಗೆ ಬೀಗರ ಹಾಡು

ಯಡಿಯೂರು ಕೆರೆ ಪಕ್ಕ, ಜಯನಗರ
14 ನವೆಂಬರ್ 2025

ನನ್ನ ಮುದ್ದಿನ ಧೃತೀ,

ಕತ್ತು ನೋವು ಹೇಗಿದೆ? ಬ್ರಿಸ್ಟಲ್ ಚಳಿಗೆ ಶಾಲು ಹೊದ್ದುಕೋ ಅಂದರೆ ನೀನು ಕೇಳುವವಳಲ್ಲ. ನಿಮ್ಮಪ್ಪ ಗಟ್ಟಿಯಾಗಿದ್ದಾರೆ, ಕೆರೆಗೆ ಎರಡು ಸುತ್ತು ಹಾಕಿ ನಾಲ್ಕು ಅನ್ನುತ್ತಾರೆ. ಈಗ ಬರೆಯುವ ಸುದ್ದಿಯನ್ನು ಫೋನಿನಲ್ಲಿ ಹೇಳಿದರೆ "ಅಮ್ಮಾ, ಬಿಟ್ಬಿಡು" ಅಂತ ಬಾಯಿ ಮುಚ್ಚಿಸುತ್ತೀಯ. ಅದಕ್ಕೇ ಕಾಗದ.

ಆ ನೈಜಲ್ ನಮ್ಮ ಮನೆಗೆ ಬಂದಿದ್ದ. ಹೌದು, ಅವನೇ. ಜೆ.ಪಿ. ನಗರದ ಸ್ಟುಡಿಯೋದಲ್ಲಿ ಕೆಲಸ ಮಾಡುವ ನಿನ್ನ ಚಿಕ್ಕಮ್ಮನ ಮಗ ಸುಶ್ರುತ ಕರೆದುಕೊಂಡು ಬಂದ. ಹೊಸ ರೆಕಾರ್ಡಿಗೆ ಅಜ್ಜಿಯರ ಹಳೇ ಹಾಡು ಬೇಕಂತೆ. ನಾನು ಯಾರ ತಾಯಿ ಅಂತ ಅವನಿಗೆ ಗೊತ್ತಿಲ್ಲ, ನನಗೆ ಮಾತ್ರ ಮುಖ ನೋಡಿದ ತಕ್ಷಣ ಮೈ ಉರಿಯಿತು. ನೀನು ಅಲ್ಲಿಗೆ ಓದಲು ಹೋದಾಗ ಅವನು ಬಾರುಗಳಲ್ಲಿ ಗಿಟಾರ್ ಬಾರಿಸುತ್ತಿದ್ದ ಬಡಕಲು ಹುಡುಗ. ಆ ನಿಧಾನದ ಟ್ರಿಪ್-ಹಾಪ್ ಸಂಗೀತಕ್ಕೆ ನಿನ್ನ ಆಲಾಪ ಸೇರಿಸಿದ ಮೇಲೇ ಜನ ಅವನ ಕಡೆ ತಿರುಗಿದ್ದು. ಪ್ರಶಸ್ತಿ ಬಂತು, ದೊಡ್ಡ ಪ್ರೊಡ್ಯೂಸರ್ ಆದ. ರೆಕಾರ್ಡಿನ ಕವರಿನ ಮೇಲೆ ಫೋಟೋ ತೆಗೆದವನ ಹೆಸರೂ ಇದೆ, ನಿನ್ನದಿಲ್ಲ. ಅವತ್ತಿನಿಂದ ನೀನು ಬಾಯಿ ಬಿಟ್ಟು ಹಾಡಿಲ್ಲ. ಇಪ್ಪತ್ತು ವರ್ಷವಾದರೂ ನನಗೆ ಆ ಸಂಕಟ ಹೋಗಿಲ್ಲ ಕಣೇ.

ಆರು ಕೊಡುಬಳೆ ತಿಂದು ತನ್ನ ಸಾಧನೆಯ ಪುರಾಣ ಬಿಚ್ಚಿದ. ಸುಶ್ರುತ ಕನ್ನಡದಲ್ಲಿ ಹೇಳುತ್ತಾ ಹೋದ. "ಮೊದಲ ರೆಕಾರ್ಡಿನಲ್ಲಿ ಯಾರೋ ಇಂಡಿಯನ್ ಹುಡುಗಿ ಹಾಡಿದ್ಲು, ಹೆಸರು ನೆನಪಿಲ್ಲ" ಅಂದನಂತೆ. ನಮ್ಮ ಮನೆಯ ಸೋಫಾದ ಮೇಲೆ ಕೂತು! ಆಗಲೇ ತೀರ್ಮಾನ ಮಾಡಿದೆ. ಹಾಡುತ್ತೇನೆ ಅಂತ ಮೈಕಿನ ಮುಂದೆ ಕಣ್ಣು ಮುಚ್ಚಿ ಕೈ ಮುಗಿದು ಕೂತೆ. ಮದುವೆಯಲ್ಲಿ ಬೀಗರು ಊಟಕ್ಕೆ ಕೂತಾಗ ಹೆಸರು ಹಿಡಿದು ಗೇಲಿ ಮಾಡಿ ಹಾಡುತ್ತೇವಲ್ಲ, ಆ ಧಾಟಿಯಲ್ಲಿ ಶುರು ಮಾಡಿದೆ:

ಬಂದಾರೆ ನೈಜಲರಾಯರು, ಕೈಯಲ್ಲಿ ಖಾಲಿ ಚೀಲ
ಹೊರಟಾರೆ ನೈಜಲರಾಯರು, ಚೀಲದ ತುಂಬ ಕದ್ದ ಮಾಲ

ಹೀಗೇ ಹನ್ನೆರಡು ನುಡಿ. ಅವನ ಮೂಗನ್ನೂ ಬಿಡಲಿಲ್ಲ, ಅವನ ವಂಶವನ್ನೂ ಬಿಡಲಿಲ್ಲ. ಅವನು ಕಣ್ಣೀರು ಒರೆಸಿಕೊಂಡ! ತನ್ನ ಹೆಸರು ಕಿವಿಗೆ ಬಿದ್ದು, ಅಮ್ಮ ಆಶೀರ್ವಾದ ಮಾಡಿದರಾ ಅಂತ ಸುಶ್ರುತನನ್ನು ಕೇಳಿದ. ಸುಶ್ರುತ ತುಟಿ ಕಚ್ಚಿಕೊಂಡು "ಯೆಸ್ ಯೆಸ್" ಅಂದ. ನಿಮ್ಮಪ್ಪ ನಗು ತಡೆಯಲಾರದೆ ಅಡುಗೆಮನೆಗೆ ಓಡಿದರು. ನೈಜಲ್ ಹೋಗುವಾಗ ನನ್ನ ಕಾಲಿಗೆ ಬಿದ್ದ. ನನಗೆ ಅಯ್ಯೋ ಪಾಪ ಅಂತ ಒಂಚೂರೂ ಅನ್ನಿಸಲಿಲ್ಲ.

ಅಳಿಯಂದಿರಿಗೆ, ಮಕ್ಕಳಿಗೆ ನಮ್ಮಿಬ್ಬರ ಆಶೀರ್ವಾದ ತಿಳಿಸು. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ಅಮ್ಮ,
ಸೀತಮ್ಮ

ತಾ.ಕ.: ಹೊಸ ರೆಕಾರ್ಡಿನಲ್ಲಿ ಇದೇ ಮೊದಲ ಹಾಡಂತೆ. ಕವರಿನ ಮೇಲೆ ಇಂಗ್ಲಿಷಿನಲ್ಲಿ ಅರ್ಥ ಅಚ್ಚು ಹಾಕಿಸಬೇಕು, ಯಾರಾದರೂ ಬರೆದುಕೊಡುತ್ತಾರಾ ಅಂತ ಕೇಳಿದ. ಬ್ರಿಸ್ಟಲಿನಲ್ಲೇ ಒಬ್ಬಳಿದ್ದಾಳೆ ಅಂತ ನಿನ್ನ ನಂಬರ್ ಕೊಟ್ಟಿದ್ದೇನೆ. ಫೋನ್ ಬಂದಾಗ, ಹಳೇ ರೆಕಾರ್ಡಿನ ಮೇಲೆ ನಿನ್ನ ಹೆಸರು ಹಾಕಿಸು ಅನ್ನು. ಹಾಕಿಸಿದರೆ ನಿಜವಾದ ಅರ್ಥ ಹೇಳಿ ಅವನ ಮಾನ ಉಳಿಸು. ಇಲ್ಲದಿದ್ದರೆ ಆಶೀರ್ವಾದದ ಹಾಡು ಅಂತಲೇ ಬರೆದುಕೊಡು, ಊರೂರು ಸುತ್ತಿ ಎಲ್ಲ ಕನ್ನಡದವರ ಮುಂದೆ ಅದನ್ನೇ ಹಾಕಿಕೊಂಡು ಕುಣಿಯಲಿ.